ಮುಚ್ಚಳದ ಮೇಲಿನ ಹೆಸರು

ಕೈಗವಸು ಹಾಕಿಕೊಂಡು ಹಿಟ್ಟು ನಾದುವುದು ಅಪ್ಪನಿಗೆ ಆ ದಿನವೂ ಒಗ್ಗಲಿಲ್ಲ. ಅವನ ಬಲಗೈಯ ಉಂಗುರದ ಬೆರಳಿಗೆ ತುದಿಯ ಗೆಣ್ಣಿಲ್ಲ. ಅಲ್ಲಿ ರಬ್ಬರಿನ ಖಾಲಿ ತುದಿ ಹಿಟ್ಟಿಗೆ ಅಂಟಿಕೊಂಡು, ಉದ್ದಕ್ಕೆ ಎಳೆದು, ಪಟ್ಟೆಂದು ವಾಪಸು ಬಡಿಯುತ್ತಿತ್ತು. ಇಪ್ಪತ್ತು ವರ್ಷ ಬರಿಗೈಯಲ್ಲಿ ನಾದಿದವನು ಅವನು. ಹಿಟ್ಟು ಹದಕ್ಕೆ ಬಂತೋ ಇಲ್ಲವೋ ಎಂದು ಎಂದೂ ಗಡಿಯಾರ ನೋಡಿದವನಲ್ಲ, ಅಂಗೈಯನ್ನೇ ಕೇಳುತ್ತಿದ್ದ. ಈಗ ಅಂಗೈಗೇ ಮುಸುಕು ಬಿದ್ದ ಮೇಲೆ ಬೇಕರಿಯ ಬ್ರೆಡ್ಡು ಒಂದು ದಿನ ಕಲ್ಲು, ಇನ್ನೊಂದು ದಿನ ಹಸಿ ಹಸಿ.

ಹಿಂದಿನ ಕೋಣೆಯ ಬಾಗಿಲಿಗೆ ಒರಗಿ ಪುಟ್ಟಿ ಇದನ್ನು ನೋಡುತ್ತಿದ್ದಳು. ವಯಸ್ಸು ಇಪ್ಪತ್ತೇಳು, ಕೆಲಸ ಜೀವವಿಜ್ಞಾನದ ಸಂಸ್ಥೆಯೊಂದರಲ್ಲಿ ಸಂಶೋಧನೆ, ಆದರೆ ಮನೆಯಲ್ಲಿ ಇನ್ನೂ ಪುಟ್ಟಿಯೇ. ಆ ಹಾಳು ಕೈಗವಸು ತೆಗೆದು ಬಿಸಾಕು ಎಂದು ಅಪ್ಪನಿಗೆ ಹೇಳಲು ಅವಳಿಗೆ ಮುಖವಿರಲಿಲ್ಲ. ಅದನ್ನು ತೊಡಿಸಿದವಳು ಅವಳೇ.

ಎರಡು ವರ್ಷದಿಂದ ಅವಳು ಪ್ರತಿ ಭಾನುವಾರ ಒಂದು ಪುಟ್ಟ ವಿಡಿಯೋ ಹಾಕುತ್ತಿದ್ದಳು. ಹೆಚ್ಚಿಟ್ಟ ಸೇಬು ಯಾಕೆ ಕಂದಾಗುತ್ತದೆ, ಒಬ್ಬರು ಆಕಳಿಸಿದರೆ ಪಕ್ಕದವರಿಗೂ ಯಾಕೆ ಬರುತ್ತದೆ, ನೀರಲ್ಲಿ ನೆನೆದ ಬೆರಳು ಯಾಕೆ ಸುಕ್ಕಾಗುತ್ತದೆ, ಇಂಥವು. ಲ್ಯಾಬಿನಲ್ಲಿ ಹಗಲೆಲ್ಲ ಹತ್ತು ಜನಕ್ಕಷ್ಟೇ ಅರ್ಥವಾಗುವ ಭಾಷೆಯಲ್ಲಿ ಬರೆದು ಬರೆದು ಬಾಯಿ ಕೆಟ್ಟಿತ್ತು. ಅಡುಗೆಮನೆಯಲ್ಲೂ ಬಚ್ಚಲಲ್ಲೂ ನಡೆಯುವ ಜೀವವಿಜ್ಞಾನವನ್ನು ಮನೆಮಾತಿನಲ್ಲಿ ಹೇಳುವುದು ಅವಳಿಗೆ ಊಟದಷ್ಟೇ ರುಚಿಸುತ್ತಿತ್ತು. ನೋಡುವವರು ಇನ್ನೂರೋ ಮುನ್ನೂರೋ ಇದ್ದರು. ಅದರಲ್ಲಿ ಅಮ್ಮನದೇ ಇಪ್ಪತ್ತು ಸಲ.

ಕೈಗಳ ವಿಡಿಯೋ ಮಾತ್ರ ಹಾಗಾಗಲಿಲ್ಲ. ಲ್ಯಾಬಿನಿಂದ ನಾಲ್ಕು ಪ್ಲೇಟು ತಂದಿದ್ದಳು. ಅಂಗೈ ಅಗಲದ ತೆಳು ಪ್ಲಾಸ್ಟಿಕ್ ಬಟ್ಟಲುಗಳು. ಒಳಗೆ ಹೆಪ್ಪುಗಟ್ಟಿದ ಮೇವು, ಬ್ಯಾಕ್ಟೀರಿಯಾ ತಿಂದು ಬೆಳೆಯಲಿಕ್ಕೆ. ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು, ಅಪ್ಪ, ಅಮ್ಮ, ತಾನು ಒಬ್ಬೊಬ್ಬರೂ ಒಂದೊಂದರಲ್ಲಿ ನಾಲ್ಕು ಬೆರಳು ಒತ್ತಿದರು. ನಾಲ್ಕನೆಯದನ್ನು ಹೋಲಿಕೆಗೆಂದು ಯಾರೂ ಮುಟ್ಟಲಿಲ್ಲ. ಅಪ್ಪ ಅಭ್ಯಾಸಬಲದಿಂದ ಒತ್ತಿದ ರಭಸಕ್ಕೆ ಹೆಪ್ಪಿನಲ್ಲಿ ಗುಳಿಗಳೇ ಬಿದ್ದವು. "ಮೆತ್ತಗೆ ಅಪ್ಪಾ, ಇದು ಹಿಟ್ಟಲ್ಲ" ಎಂದು ಅವಳು ನಕ್ಕಿದ್ದೂ ವಿಡಿಯೋದಲ್ಲಿ ಬಂತು. ಎರಡು ದಿನ ಲ್ಯಾಬಿನ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ತೆಗೆದಾಗ ಮುಟ್ಟದ ಪ್ಲೇಟು ಖಾಲಿ. 'ನಾನು' ಎಂದು ಬರೆದಿದ್ದರಲ್ಲಿ ಏಳೆಂಟು ಚುಕ್ಕೆ. ಅಮ್ಮನದರಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. 'ಅಪ್ಪ' ಎಂದು ಬರೆದಿದ್ದರಲ್ಲಿ ಮಾತ್ರ ಕಾಲಿಡಲು ಜಾಗವಿಲ್ಲದಂತೆ ಬಿಳಿ, ಹಳದಿ, ಕಿತ್ತಳೆ ಬಣ್ಣದ ಬೊಟ್ಟುಗಳು.

ಅವಳಿಗೆ ತಮಾಷೆಯೆನಿಸಿತು. ವಿಡಿಯೋದ ಮೊದಲ ಮಾತೇ "ದಿನಾ ನಿಮ್ಮ ಬ್ರೆಡ್ಡು ನಾದೋ ಕೈ ಇದು, ನೋಡಿ" ಎಂದಿಟ್ಟಳು. ಆಮೇಲೆ ತನ್ನ ಪ್ಲೇಟು ತೋರಿಸಿ, ವಿಜ್ಞಾನಿಯ ಕೈ ಅಂದ್ರೆ ಹೀಗಿರಬೇಕು ಎಂದು ಒಂದಿಷ್ಟು ಕೊಚ್ಚಿಕೊಂಡಳು. ಇವುಗಳಲ್ಲಿ ಹೆಚ್ಚಿನವು ನಮ್ಮೆಲ್ಲರ ಚರ್ಮದ ಮೇಲೆ ಸದಾ ಇರುವಂಥವು, ಕೇಡು ಮಾಡುವಂಥವಲ್ಲ ಎಂದೂ ಹೇಳಿದ್ದಳು. ಆದರೆ ಅದು ಬರುತ್ತಿದ್ದದ್ದು ಮೂರನೇ ನಿಮಿಷದಲ್ಲಿ. ಮೂರನೇ ನಿಮಿಷದ ತನಕ ಕೂರುವ ಪುರುಸೊತ್ತು ಯಾರಿಗಿದೆ? ವಾರದೊಳಗೆ ಎರಡು ಲಕ್ಷ ಜನ ಮೊದಲ ಹತ್ತು ಸೆಕೆಂಡು ನೋಡಿದರು.

ಅದನ್ನು ನೋಡಿ ಅಪ್ಪನೂ ನಕ್ಕಿದ್ದ. ಅವನ ನಗು ನಾಲ್ಕು ದಿನ ಬಾಳಿತು. ಐದನೆಯ ದಿನ ಬೇಕರಿಯ ಕಪಾಟಿನಲ್ಲಿ ಅರ್ಧ ಬ್ರೆಡ್ಡು ಹಾಗೇ ಉಳಿಯಿತು. ಇಪ್ಪತ್ತು ವರ್ಷದಿಂದ ದಿನಕ್ಕೊಂದು ಬ್ರೆಡ್ಡು ಒಯ್ಯುತ್ತಿದ್ದ, 'ಎಲ್ಲ ನಿಮ್ಮ ಕೈಗುಣ' ಎಂದು ಬಂದವರೆದುರೆಲ್ಲ ಹೊಗಳುತ್ತಿದ್ದ, ಪುಟ್ಟಿಗೂ ಶಾಲೆಯಲ್ಲಿ ಪಾಠ ಹೇಳಿದ್ದ ಟೀಚರಮ್ಮ ರಸ್ತೆಯ ಆಚೆ ಬದಿಯಿಂದ, ತಮ್ಮ ಚೀಲದ ಕಡೆ ನೋಡುತ್ತ ಹೋಗಿಬಿಟ್ಟರು. ಅಪ್ಪ ಯಾರ ಹತ್ತಿರವೂ ಜಗಳಕ್ಕೆ ಹೋಗಲಿಲ್ಲ. ಕೈ ತೊಳೆಯತೊಡಗಿದ. ಬಂದವರೆದುರು ತೊಳೆದ, ಹೋದ ಮೇಲೂ ತೊಳೆದ. ಬೆರಳ ಸಂದಿಗಳು ಬಿರಿದು ಕೆಂಪಾದ ಮೇಲೆ ಔಷಧಿ ಅಂಗಡಿಯಿಂದ ಕೈಗವಸಿನ ಪೆಟ್ಟಿಗೆ ತಂದ. ಉಣ್ಣಲು ಕೂತಾಗ ಕೂಡ, ತಟ್ಟೆ ಬರುವ ತನಕ, ಅಮ್ಮನ ಕಣ್ಣಿಗೆ ಬೀಳದಂತೆ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ.

ವಿಡಿಯೋ ಅಳಿಸಿಹಾಕಿದ್ದಳು, ಆದರೆ ಅಷ್ಟರಲ್ಲಿ ಅದು ಊರೆಲ್ಲ ಸುತ್ತಿಯಾಗಿತ್ತು. ಸಾಲದ್ದಕ್ಕೆ ಸಂಸ್ಥೆಯಲ್ಲಿ ಅವಳಿಗೆ ಏಕಾಏಕಿ ಮರ್ಯಾದೆ ಬಂದಿತ್ತು. ವರ್ಷಕ್ಕೊಮ್ಮೆ ಊರಿನವರನ್ನೆಲ್ಲ ಕರೆದು ಲ್ಯಾಬು ತೋರಿಸುವ ದಿನದಂದು ದೊಡ್ಡ ಸಭಾಂಗಣದಲ್ಲಿ ಮಾತಾಡುವ ಗೌರವ ಈ ಸಲ ಅವಳದು. ಆ ಪ್ಲೇಟುಗಳನ್ನೇ ತೋರಿಸಬೇಕಂತೆ. ಅದಕ್ಕೆ ಇನ್ನು ಐದೇ ದಿನ ಉಳಿದಿತ್ತು.

"ನಿಂತಿದ್ದೀಯಲ್ಲ, ಆ ಅಚ್ಚುಗಳಿಗೆ ಎಣ್ಣೆ ಸವರು" ಎಂದ ಅಪ್ಪ.

ಚೌಕ ಬ್ರೆಡ್ಡಿನ ತಗಡಿನ ಅಚ್ಚುಗಳು. ಪ್ರತಿಯೊಂದಕ್ಕೂ ಜಾರಿಸಿ ಮುಚ್ಚುವ ಮುಚ್ಚಳ. ಅವಳು ಕುಂಚ ತೆಗೆದುಕೊಂಡು ಒಂದೊಂದನ್ನೇ ಸವರುತ್ತ ಕೂತಳು. ಆಮೇಲೆ ಅಪ್ಪ, ಹಿಟ್ಟಿನ ಕಡೆಯೇ ಕಣ್ಣಿಟ್ಟು, ಸೋಪಿಗೂ ಸಾಯದ ಬ್ಯಾಕ್ಟೀರಿಯಾ ಇರುತ್ತವೆಯೇ ಎಂದು ಕೇಳಿದ. ಸೋಪು ಕೊಲ್ಲುವುದಕ್ಕಿಂತ ಹೆಚ್ಚಾಗಿ ಕಿತ್ತು ನೀರಿನ ಜೊತೆ ಕಳಿಸುತ್ತದೆ, ಪೂರ್ತಿ ಹೋಗುವುದಿಲ್ಲ, ತುಂಬ ಕಡಿಮೆಯಾಗುತ್ತದೆ ಎಂದು ಅವಳು ವಿವರಿಸಿದಳು.

"ಹಂಗಾದ್ರೆ ನನ್ನ ಕೈಯಲ್ಲಿ ಏನೋ ಬೇರೆ ಇರಬೇಕು" ಎಂದ ಅಪ್ಪ. "ಅವತ್ತು ಕೆಲಸ ಮುಗಿಸಿ ಬಿಸಿನೀರಲ್ಲಿ ಸೋಪು ಹಾಕಿ ಮೊಣಕೈ ತನಕ ತೊಳ್ಕೊಂಡು ಬಂದಿದ್ದೆ. ಅರ್ಧ ಗಂಟೆ ಕೂಡ ಆಗಿರ್ಲಿಲ್ಲ."

ಪುಟ್ಟಿಯ ಕುಂಚ ನಿಂತಿತು. "ಅವಾಗ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಓದಿದವಳು. ನಿನ್ನ ಪ್ಲೇಟು ಸುಳ್ಳು ಹೇಳುತ್ತಾ ಅಂತ ಸುಮ್ಮನಾದೆ."

ಅವಳು ಕೈಗೆ ಸಿಕ್ಕ ಮುಚ್ಚಳವೊಂದನ್ನು ಎದುರಿಗಿದ್ದ ಅಚ್ಚಿಗೆ ಜಾರಿಸಲು ನೋಡಿದಳು. ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಅಪ್ಪ ತಿರುಗಿಯೂ ನೋಡದೆ, ಅದು ಬೇರೆ ಅಚ್ಚಿನದು, ಇನ್ನೊಂದು ಹಾಕಿ ನೋಡು, ಗುರುತಿಗೆ ಅಡಿಯಲ್ಲಿ ನಂಬರಿದೆಯಲ್ಲ ಎಂದ. ಮೊಳೆಯಿಂದ ಗೀರಿದ ಆ ನಂಬರುಗಳು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಅಚ್ಚಿನ ಅಡಿಯಲ್ಲಿ ಮಾತ್ರ ಇರುತ್ತವೆ, ಮುಚ್ಚಳದ ಮೇಲೆ ಇಲ್ಲ. ಮುಚ್ಚಳಗಳದ್ದು ಒಂದು ಕಡೆ ನಿಲ್ಲುವ ಜಾಯಮಾನವಲ್ಲ, ಒಳಗಿರುವ ಬ್ರೆಡ್ಡು ಯಾವುದು ಎಂದು ಅವುಗಳನ್ನು ಕೇಳಬಾರದು ಎಂಬುದು ಅಪ್ಪನ ಹಳೆಯ ಪಾಠ.

"ನಿಮ್ಮಲ್ಲಿ ಹೆಸರು ಎಲ್ಲಿ ಬರೀತೀರ?" ಎಂದು ಅಪ್ಪ ಸುಮ್ಮನೆ, ಮಾತಿಗೆ ಮಾತು ಸೇರಿಸಲು ಕೇಳಿದ.

"ಅಡಿಯಲ್ಲೇ. ಹೊಸಬರಿಗೆ ಮೊದಲನೇ ದಿನವೇ ಹೇಳ್ಕೊಡ್ತೀನಿ, ಮುಚ್ಚಳದ ಮೇಲೆ ಮಾತ್ರ..."

ಮನೆಯ ಮೇಜಿನ ಮೇಲೆ ಅವಳು ಹೆಸರು ಬರೆದದ್ದು ಮುಚ್ಚಳದ ಮೇಲೆ. ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲಿ ಎಂದು. ನಾಲ್ಕೂ ಪ್ಲೇಟು ಒಟ್ಟಿಗೆ ತೆರೆದಿಟ್ಟರೆ ನೋಟಕ್ಕೆ ಚೆಂದ ಎಂದು ನಾಲ್ಕೂ ಮುಚ್ಚಳ ತೆಗೆದು ಪಕ್ಕಕ್ಕೆ ಪೇರಿಸಿದ್ದಳು. ಮುಚ್ಚುವಾಗ ಕಣ್ಣು ಫೋನಿನ ಮೇಲಿತ್ತು.

ಕುಂಚ ಕೆಳಗಿಟ್ಟು, ಅಪ್ಪನಿಗೆ ಏನೂ ಹೇಳದೆ ಹೊರಟಳು. ಲ್ಯಾಬಿನ ತಣ್ಣನೆಯ ಪೆಟ್ಟಿಗೆಯಲ್ಲಿ ನಾಲ್ಕೂ ಪ್ಲೇಟು ಹಾಗೇ ಇದ್ದವು. ಮುಚ್ಚಳ ತೆಗೆಯದೆ, 'ನಾನು' ಎಂದು ಬರೆದದ್ದನ್ನು ದೀಪಕ್ಕೆ ಹಿಡಿದು ಅಡಿಯಿಂದ ನೋಡಿದಳು. ಏಳೆಂಟು ಚುಕ್ಕೆಗಳ ನಡುವೆ, ಹೆಪ್ಪಿನಲ್ಲಿ, ನಾಲ್ಕು ಆಳವಾದ ಗುಳಿಗಳು. ಮೂರು ಒಂದು ಸಾಲಿಗಿದ್ದವು. ನಾಲ್ಕನೆಯದು, ಉಂಗುರದ ಬೆರಳಿನದು, ಒಂದು ಗೆಣ್ಣು ಕೆಳಗೆ. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಹಿಟ್ಟು ಕಲಸುವ ಯಂತ್ರಕ್ಕೆ ಸಿಕ್ಕಿ ಹೋದ ಗೆಣ್ಣು ಅದು. ಅಂದಿನಿಂದಲೇ ಅಪ್ಪ ಯಂತ್ರವನ್ನು ನಂಬದೆ ಕೈಯಲ್ಲಿ ನಾದುತ್ತಿದ್ದದ್ದು. 'ಅಪ್ಪ' ಎಂದು ಬರೆದ ಪ್ಲೇಟಿನಲ್ಲಿ ಗುಳಿಯೇ ಇರಲಿಲ್ಲ. ಬಣ್ಣಬಣ್ಣದ ಬೊಟ್ಟುಗಳ ಸಂತೆಯ ಕೆಳಗೆ ನಾಲ್ಕು ಸಣಕಲು ಬೆರಳುಗಳ ಗುರುತು, ಎಲ್ಲವೂ ಪೂರ್ತಿ. ದಿನವಿಡೀ ಬಸ್ಸಿನ ಕಂಬಿ, ಬಾಗಿಲ ಹಿಡಿ, ಫೋನು ಮುಟ್ಟಿ, ಮನೆಗೆ ಬಂದವಳೇ ಕೈ ತೊಳೆಯದೆ ಕ್ಯಾಮೆರಾ ಹಿಡಿದವಳ ಬೆರಳುಗಳು. ಪುಟ್ಟಿ ನಾಲ್ಕೂ ಪ್ಲೇಟುಗಳನ್ನು ಎತ್ತಿಕೊಂಡು ಹೊರಟಳು.

ಅವಳಿಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಎಲ್ಲ ಕೇಳಿ, ಪ್ಲೇಟುಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಕನ್ನಡಕ ತೆಗೆದಿಟ್ಟರು. ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು. ಭಾಷಣಕ್ಕೆ ಬೇರೆ ವಿಷಯ ತೆಗೆದುಕೋ, ಆಕಳಿಕೆಯ ಬಗ್ಗೆ ಹೇಳು, ಜನಕ್ಕೆ ಅದೂ ಇಷ್ಟವಾಗುತ್ತದೆ ಎಂದರು. ಮುಂದಿನ ತಿಂಗಳು ಅವಳ ಕೆಲಸ ಮುಂದುವರಿಸುವ ಬಗ್ಗೆ ನಿರ್ಧರಿಸುವವರೆಲ್ಲ ಮುಂದಿನ ಸಾಲಿನಲ್ಲೇ ಕೂರುವವರು.

"ಪ್ಲೇಟಿಗೆ ಹೆಸರು ಬರೆಯೋಕೆ ಬರೋದಿಲ್ಲ ಅಂತ ಅವರೆದುರು ನೀನೇ ಹೇಳ್ಬೇಕಾ? ಯೋಚನೆ ಮಾಡು. ನಾನು ಬೇಡ ಅನ್ನಲ್ಲ, ಮಾಡು ಅಂತಾನೂ ಅನ್ನಲ್ಲ."

ಯೋಚನೆ ಮಾಡಿದಳು. ತಿದ್ದುಪಡಿಯ ವಿಡಿಯೋ ಅಂದೇ ಹಾಕಿದಳು. ನೂರಾ ತೊಂಬತ್ತು ಜನ ನೋಡಿದರು, ಎಂದಿನಂತೆ ಅಮ್ಮನನ್ನೂ ಸೇರಿಸಿ. ಅಪ್ಪನಿಗೆ ಅಮ್ಮ ತೋರಿಸಿದಾಗ ಅವನು "ಹೋಗ್ಲಿ ಬಿಡು, ಯಾರ ಕೈ ಆದ್ರೇನು" ಎಂದನಂತೆ. ಮಾರನೆಯ ದಿನವೂ ಕೈಗವಸು ಹಾಕಿಕೊಂಡೇ ಹೋದ. ಬರುವವರು ಕೈ ನೋಡುತ್ತಾರೆ, ಏನು ಮಾಡಲಿ ಎಂದ. ಅವಳ ಯೋಚನೆ ಅಲ್ಲಿಗೆ ಮುಗಿಯಿತು.

ಭಾಷಣದ ದಿನ ಸಭಾಂಗಣ ಕಿಕ್ಕಿರಿದಿತ್ತು. ಅಮ್ಮನ ಬಲವಂತಕ್ಕೆ ಅಪ್ಪನೂ ಬಂದಿದ್ದ. ಮೂರನೇ ಸಾಲಿನ ತುದಿಯಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದ. ಅವನ ಹಿಂದಿನ ಸಾಲಿನಲ್ಲಿ ಬೀದಿಯವರು ನಾಲ್ಕಾರು ಜನ, ಟೀಚರಮ್ಮನೂ. ಮುಂದಿನ ಸಾಲಿನಲ್ಲಿ ಸಂಸ್ಥೆಯ ಹಿರಿಯರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಪರದೆಯ ಮೇಲೆ ತುಂಬಿದ ಪ್ಲೇಟು ಮೂಡುತ್ತಲೇ ಗುರುತು ಹಿಡಿದವರು ಗುಸುಗುಸು ಎಂದರು. ಯಾರೋ ಒಬ್ಬರು ನಕ್ಕರು. ಅಪ್ಪ ತಲೆ ತಗ್ಗಿಸಿದ.

"ಇದು ನನ್ನ ಕೈ" ಎಂದಳು ಪುಟ್ಟಿ. "ಅಪ್ಪನದು ಅಂತ ಹೇಳಿದ್ದೆ. ಮುಚ್ಚಳ ಅದಲುಬದಲು ಮಾಡಿದ್ದೆ."

ಅವಳು ಹೇಗೆ ತಪ್ಪಿದೆನೆಂದು ಒಂದೊಂದಾಗಿ ಹೇಳಿದಳು. ಕ್ಯಾಮೆರಾಕ್ಕಾಗಿ ಮುಚ್ಚಳದ ಮೇಲೆ ಬರೆದದ್ದನ್ನೂ, ಕೈ ತೊಳೆಯದೆ ಕೂತದ್ದನ್ನೂ, ತಾನು ಕೊಚ್ಚಿಕೊಂಡ ಮಾತನ್ನೂ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಅಂದರು. ಅವಳು ಆ ಕಡೆ ನೋಡದೆ ಎರಡನೆಯ ಪ್ಲೇಟು ತೋರಿಸಿದಳು. ಏಳೆಂಟು ಚುಕ್ಕೆ, ನಾಲ್ಕು ಗುಳಿ. ಮೂರನೇ ನಿಮಿಷದಲ್ಲಿ ಹೇಳಿದ್ದ ಮಾತನ್ನು ಈ ಸಲ ಮೊದಲೇ ಹೇಳಿದಳು: ಈ ಜೀವಿಗಳು ಎಲ್ಲರ ಚರ್ಮದ ಮೇಲೂ ಇರುತ್ತವೆ, ಹೆದರಬೇಕಾದಂಥವಲ್ಲ. ಆದರೂ ಇಷ್ಟು ಕಡಿಮೆ ಇರುವುದು ಮೊಣಕೈ ತನಕ ಸೋಪು ಹಚ್ಚಿ ತೊಳೆಯುವವರ ಕೈಯಲ್ಲಿ ಮಾತ್ರ.

ಹಿಂದಿನ ಸಾಲಿನಿಂದ ಟೀಚರಮ್ಮ ಎದ್ದು ನಿಂತರು. ಕ್ಲಾಸಿನಲ್ಲಿ ಕೇಳುತ್ತಿದ್ದ ಅದೇ ಧ್ವನಿ. "ಅದು ಅವರ ಕೈಯೇ ಅಂತ ಈಗ ಹೇಗೆ ಹೇಳ್ತೀಯಮ್ಮ?"

ಪುಟ್ಟಿ ಗುಳಿಗಳ ಮೇಲೆ ಬೆಳಕಿನ ಚುಕ್ಕೆ ಹಾಯಿಸಿದಳು. ತೋರುಬೆರಳು, ನಡುಬೆರಳು, ಕಿರುಬೆರಳು. ಆಮೇಲೆ ಒಂದು ಗೆಣ್ಣು ಕೆಳಗೆ ನಿಂತುಬಿಟ್ಟ ಉಂಗುರದ ಬೆರಳು. ಅಪ್ಪನ ಕಡೆ ಕೈ ತೋರಿಸಲು ಅವಳಿಗೆ ಮನಸ್ಸಾಗಲಿಲ್ಲ. ಒಮ್ಮೆ ಊರಿಗೆಲ್ಲ ತೋರಿಸಿದ್ದೇ ಸಾಕಾಗಿತ್ತು. ಪರದೆಯನ್ನೇ ನೋಡುತ್ತ ನಿಂತಳು.

ಮೂರನೇ ಸಾಲಿನ ತುದಿಯಲ್ಲಿ ಕುರ್ಚಿ ಕಿರುಗುಟ್ಟಿತು. ಅಪ್ಪ ಕಂಕುಳಿನಿಂದ ಬಲಗೈ ತೆಗೆದು, ಹಾಜರಿ ಹೇಳುವ ಹುಡುಗನಂತೆ ಮೇಲೆತ್ತಿದ. ಬಿರಿದ ಸಂದಿಗಳಲ್ಲಿ ಮುಲಾಮು ಹೊಳೆಯುತ್ತಿತ್ತು. ಟೀಚರಮ್ಮ ಆ ಕೈಯನ್ನು ನೋಡಿದರು, ಪರದೆಯನ್ನು ನೋಡಿದರು, ಮತ್ತೆ ಕೈಯನ್ನು ನೋಡಿದರು. ಇಳಿಸು ಎಂದು ಯಾರೂ ಹೇಳದ್ದರಿಂದ ಅದು ಸ್ವಲ್ಪ ಹೊತ್ತು ಹಾಗೆಯೇ ಮೇಲಿತ್ತು.