ಆಗಬಾರದ ಮೂರನೇ ಚಿತ್ರ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಮೊದಲು ಅವರ ಮುಖ ನೋಡುತ್ತೇನೆ. ನಗುವ ಪೈಕಿಯವರಾದರೆ ‘ಕಂಪನಿಯಲ್ಲಿದ್ದೇನೆ’ ಎಂದು ಜಾರಿಕೊಳ್ಳುತ್ತೇನೆ. ಉಳಿದವರಿಗೆ ನಿಜ ಹೇಳುತ್ತೇನೆ: ಇನ್ನು ಇಪ್ಪತ್ತು ವರ್ಷಕ್ಕೆ ಏನೇನಾಗಬಹುದು ಎಂದು ದೊಡ್ಡವರಿಗೆ ಸಲಹೆ ಕೊಡುವ ಕೆಲಸ. ಅಮ್ಮನಿಗೆ ಇದನ್ನು ಹೇಳಿದಾಗ, “ನಾಳೆ ನಲ್ಲೀಲಿ ನೀರು ಬರುತ್ತೋ ಇಲ್ವೋ, ಅದನ್ನ ಹೇಳು ಸಾಕು” ಎಂದಿದ್ದಳು. ನನಗೆ ಗೊತ್ತಿರಲಿಲ್ಲ.

ಅದಕ್ಕೆ ಮುಂಚೆ ಹದಿನೆಂಟು ವರ್ಷ ನಾನು ನಾಟಕದ ಪರದೆ ಬರೆಯುತ್ತಿದ್ದೆ. ಹಳೆಯ ರಂಗಮಂದಿರದ ಹಿಂಭಾಗದಲ್ಲಿ ಎರಡು ಮಹಡಿ ಎತ್ತರದ ಒಂದು ಕೋಣೆ. ನೆಲಕ್ಕೆ ಬಟ್ಟೆ ಹಾಸಿ, ಉದ್ದ ಕೋಲಿಗೆ ಕುಂಚ ಕಟ್ಟಿ, ನಿಂತುಕೊಂಡೇ ಬರೆಯಬೇಕು. ಕಲಿಸಿದವನು ನನ್ನ ಅಣ್ಣ. ನನಗಿಂತ ಹನ್ನೆರಡು ವರ್ಷ ದೊಡ್ಡವನು, ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಅಂಟು ಕಾಯಿಸುವುದರಿಂದ ಹಿಡಿದು ಕಾಡು, ಕೋಟೆ, ಸೆರೆಮನೆಯವರೆಗೆ ಎಲ್ಲ ಅವನದೇ ಪಾಠ. ಕೆಟ್ಟ ಜಾಗವನ್ನು ಕೆಟ್ಟದಾಗಿ ಬರೆದರೆ ಮಾತ್ರ ಅವನು ಸಹಿಸುತ್ತಿರಲಿಲ್ಲ. “ಸೆರೆಮನೆ ಬರೆದ್ರೂ ಕೊನೇ ಸಾಲಿನವನಿಗೆ ಒಂದ್ಸಲ ಒಳಗೆ ಹೋಗಿ ನೋಡೋಣ ಅನ್ನಿಸಬೇಕು. ಇಲ್ದಿದ್ರೆ ಅವನು ನಾಟಕ ಬಿಟ್ಟು ಪಕ್ಕದವನ ಹತ್ರ ಹರಟೆ ಹೊಡೀತಾನೆ” ಎನ್ನುತ್ತಿದ್ದ.

ಒಮ್ಮೆ ನೂರು ವರ್ಷದ ಮುಂದೆ ನಡೆಯುವ ನಾಟಕವೊಂದಕ್ಕೆ ನಾನು ಒಂದು ಊರು ಬರೆದೆ. ಆಟ ಮುಗಿದ ಮೇಲೆ ದಪ್ಪ ಕನ್ನಡಕದ ಒಬ್ಬರು ರಂಗದ ಹಿಂದಕ್ಕೆ ಬಂದು, “ಈ ಊರನ್ನ ಯೋಚಿಸಿದ್ದು ಯಾರು?” ಎಂದರು. ಮೊಣಕೈವರೆಗೂ ಬಣ್ಣ ಮೆತ್ತಿಕೊಂಡಿದ್ದ ನಾನು “ನಾನೇ” ಎಂದೆ. ಮರುವಾರ ಅವರು ನನ್ನನ್ನು ಒಂದು ವಿಮಾ ಕಂಪನಿಯ ಸಭೆಗೆ ಕರೆದೊಯ್ದು ಗೋಡೆಯ ಮುಂದೆ ನಿಲ್ಲಿಸಿದರು. ಮೂವತ್ತು ವರ್ಷದ ನಂತರ ಮುದುಕರು ಎಂಥ ಮನೆಯಲ್ಲಿರುತ್ತಾರೆ, ಬರೆದು ತೋರಿಸಿ ಎಂದರು. ಬರೆದೆ. ಅವರು ಪ್ರಶ್ನೆ ಕೇಳಿದರು, ಬಾಯಿಗೆ ಬಂದದ್ದು ಹೇಳಿದೆ. ಕೋಟು ತೊಟ್ಟ ಹನ್ನೆರಡು ಜನ ತಲೆ ತಗ್ಗಿಸಿ ಅದನ್ನು ಬರೆದುಕೊಂಡರು. ಅಷ್ಟು ವರ್ಷ ನನ್ನ ಮಾತನ್ನು ನಮ್ಮ ಬಡಗಿ ಕೂಡ ಬರೆದುಕೊಂಡವನಲ್ಲ. ತಲೆ ತಿರುಗದೆ ಇನ್ನೇನಾಗುತ್ತದೆ? ಪರದೆಗೆ ಕೈಮುಗಿದು ಹೊರಟೆ. ಅಣ್ಣ, “ಮೊಣಕಾಲು ನೆಟ್ಟಗಿರೋವಾಗ್ಲೇ ಹೋಗು” ಎಂದಷ್ಟೇ ಹೇಳಿದ.

ಆ ಕನ್ನಡಕದವರೇ ಈಗ ನಮ್ಮ ಕಂಪನಿಯ ಯಜಮಾನರು. ಕನ್ನಡಕ ತೆಗೆದರೆ ಎದುರಿನ ಬಾಗಿಲು ಕಾಣದ ಈ ಮನುಷ್ಯನಿಗೆ ಕಚೇರಿಯಲ್ಲಿ ಎಲ್ಲರೂ ಹಿಂದಿನಿಂದ ಕರೆಯುವ ಹೆಸರು ದೂರದೃಷ್ಟಿ. ನಮ್ಮ ಪದ್ಧತಿ ಸರಳ. ಯಾರೇ ಬರಲಿ, ಅವರ ಮುಂದೆ ಮೂರು ನಾಳೆಗಳನ್ನು ಇಡುತ್ತೇವೆ. ಮೊದಲನೆಯದು ಆಗಬೇಕಾದದ್ದು, ಎರಡನೆಯದು ಸುಮ್ಮನಿದ್ದರೆ ಆಗುವಂಥದ್ದು, ಮೂರನೆಯದು ಆಗಲೇಬಾರದ್ದು. ಬೇರೆ ಕಂಪನಿಗಳು ಇದನ್ನು ದಪ್ಪ ವರದಿ ಮಾಡಿ ಕೊಡುತ್ತವೆ, ಯಾರೂ ಓದುವುದಿಲ್ಲ. ನಾವು ಆಳೆತ್ತರದ ಚಿತ್ರ ಮಾಡಿ, ಯಾವುದು ಯಾವ ನಾಳೆ ಎಂದು ಕೆಳಗೊಂದು ಚೀಟಿ ಅಂಟಿಸಿ ನಿಲ್ಲಿಸುತ್ತೇವೆ. ಬರೆಯುವವಳು ನಾನು. ಆರು ವರ್ಷದಲ್ಲಿ ಬ್ಯಾಂಕು, ಆಸ್ಪತ್ರೆ, ಬಸ್ಸು, ಸ್ಮಶಾನ, ಎಲ್ಲದರ ನಾಳೆಯನ್ನೂ ಬರೆದು ಮುಗಿಸಿದ್ದೇನೆ.

ಹೋದ ವರ್ಷ ನಗರಸಭೆಯವರು ಬಂದರು. ರಂಗಮಂದಿರ ಅವರದೇ ಆಸ್ತಿ. ಅದನ್ನು ಮುಂದೇನು ಮಾಡುವುದು ಎಂದು ಹೇಳಬೇಕಿತ್ತು. ನಾನು ಅವತ್ತೇ ಅಣ್ಣನ ಹತ್ತಿರ ಓಡಿದೆ.

“ಕೆಡವ್ತಾರಂತಾ?” ಎಂದು ಕೇಳಿದ, ಕುಂಚ ನಿಲ್ಲಿಸದೆ.

“ಚಿತ್ರ ಬರೆಯೋದು ನಾನು. ನಾನಿರೋವಾಗ ನಿನ್ನ ಕೋಣೆಗೆ ಯಾರು ಕೈ ಹಾಕ್ತಾರೆ?”

ಅಣ್ಣ ಕೋಲನ್ನು ಗೋಡೆಗೆ ಒರಗಿಸಿದ. “ಕಲಾಶಾಲೆಯವರು ಮೇಷ್ಟ್ರಾಗಿ ಬನ್ನಿ ಅಂತ ಕರೆದಿದ್ದಾರೆ. ಈ ವಾರ ಹೇಳಬೇಕು. ನನ್ನ ಕೈಕೆಳಗಿನ ನಾಲ್ಕು ಜನಾನೂ ಬೇರೆ ಕಡೆ ಕೆಲಸ ನೋಡ್ತಿದ್ದಾರೆ. ಶಾಲೆಯವರಿಗೂ ಇವರಿಗೂ ಬೇಡ ಅಂತ ಹೇಳಿಬಿಡ್ಲಾ?”

“ಹೇಳಿಬಿಡು” ಎಂದೆ. ಈ ಒಂದು ಮಾತಿಗೆ ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ.

ಮೊದಲ ಚಿತ್ರ ಮಾಡಲು ಮೂರು ವಾರ ಹಿಡಿಯಿತು. ತುಂಬಿದ ರಂಗಮಂದಿರ, ದುರಸ್ತಿಯಾದ ಛಾವಣಿ, ಪರದೆ ಕೋಣೆಯಲ್ಲಿ ಅಣ್ಣ, ಸುತ್ತ ಕಲಿಯುವವರು. ಆಗಲೇಬೇಕು ಎಂಬ ಹಟಕ್ಕೆ ಬಿದ್ದು ಒಂದೊಂದು ಇಟ್ಟಿಗೆಯನ್ನೂ ತಿದ್ದಿದೆ. ಹತ್ತು ಸಲ ಅಳಿಸಿದೆ. ಕೊನೆಗೆ ಎಲ್ಲವೂ ಅದರದರ ಜಾಗದಲ್ಲಿತ್ತು, ಚಿತ್ರಕ್ಕೆ ಮಾತ್ರ ಜೀವ ಇರಲಿಲ್ಲ. ಅವಧಿ ಮುಗಿಯುತ್ತಿತ್ತು, ಸಾಕು ಅಂದುಕೊಂಡೆ.

ಮೂರನೆಯದನ್ನು ಎರಡು ದಿನದಲ್ಲಿ ಬರೆದೆ. ಹೊಟ್ಟೆಯಲ್ಲಿದ್ದ ಉರಿಯೆಲ್ಲ ಕೈಗೆ ಇಳಿದಿತ್ತು. ರಂಗಮಂದಿರ ಇಲ್ಲ. ಪರದೆ ಕೋಣೆಯಲ್ಲಿ ಕಾಫಿ ಕುಡಿಯುವ ಜನ. ಅಣ್ಣನ ಗೋಡೆ, ಅದರ ಮೇಲಿನ ಮೂವತ್ತು ವರ್ಷದ ಬಣ್ಣದ ಕಲೆಗಳು, ಅದರ ಮುಂದೆ ಗಾಜು. ಗಾಜಿನ ಒಳಗೊಬ್ಬ ಪರದೆ ಬರೆಯುತ್ತಿದ್ದಾನೆ, ಹೊರಗಿನವರು ಲೋಟ ಹಿಡಿದು ಅವನನ್ನು ನೋಡುತ್ತಿದ್ದಾರೆ. ಎತ್ತರದ ಕಿಟಕಿಯಿಂದ ಸಂಜೆಯ ಬಿಸಿಲು. ನೋಡಿದವರಿಗೆ ಹೇಸಿಗೆಯಾಗಬೇಕು ಎಂದೇ ಬರೆದೆ. ಆದರೆ ಕೈ ಕಲಿತಿದ್ದು ಅಣ್ಣನ ಹತ್ತಿರ. ಆ ಬಿಸಿಲು ಹೇಗೆ ಬಂದು ಬಿತ್ತೆಂದರೆ, ಮುಗಿಸಿದ ಮೇಲೆ ನಾನೇ ಸ್ವಲ್ಪ ಹೊತ್ತು ಅದರ ಮುಂದೆ ಕೂತಿದ್ದೆ.

ನಗರಸಭೆಯ ಅಧ್ಯಕ್ಷೆ ಆರು ಜನರೊಂದಿಗೆ ಬಂದರು. ಮೊದಲ ಚಿತ್ರದ ಮುಂದೆ ಶಾಲೆಯ ತಪಾಸಣೆಗೆ ಬಂದವರ ಹಾಗೆ ತಲೆಯಾಡಿಸಿದರು. ಎರಡನೆಯದನ್ನು ನಡೆಯುತ್ತಲೇ ನೋಡಿದರು. ಮೂರನೆಯದರ ಮುಂದೆ ಎಲ್ಲರೂ ನಿಂತುಬಿಟ್ಟರು.

“ಎಷ್ಟು ಚೆನ್ನಾಗಿದೆ ಅಲ್ವಾ ಇದು,” ಎಂದರು ಅಧ್ಯಕ್ಷೆ. “ಇಲ್ಲಿ ಕೂತ್ಕೋಬೇಕು ಅನ್ಸುತ್ತೆ.”

“ಮೇಡಂ, ಇದು ಆಗಬಾರದ್ದು,” ಎಂದೆ.

“ಯಾಕೆ ಆಗಬಾರದು? ಹಳೇದನ್ನ ಉಳಿಸ್ಕೊಂಡ ಹಾಗೂ ಆಯ್ತು, ಜನ ಬಂದ ಹಾಗೂ ಆಯ್ತು. ಆ ಗಾಜಿನ ಯೋಚನೆಯಂತೂ ತುಂಬಾ ಹಿಡಿಸ್ತು.”

ಒಬ್ಬರು ಆಗಲೇ ಫೋಟೋ ತೆಗೆಯುತ್ತಿದ್ದರು. ನಾನು ಇನ್ನೂ ಏನೋ ಹೇಳಲು ಬಾಯಿ ತೆರೆದೆ. ದೂರದೃಷ್ಟಿ ನನ್ನ ತೋಳು ಹಿಡಿದು ಕಿಟಕಿಯ ಹತ್ತಿರ ಕರೆದೊಯ್ದರು.

“ಅವರಿಗೆ ಒಂದು ನಾಳೆ ಇಷ್ಟ ಆಗಿದೆ. ನಮ್ಮ ಕೆಲಸ ಅದೇ ತಾನೇ?” ಎಂದರು. “ಕೆಳಗಿನ ಚೀಟಿಗಳನ್ನ ಅದಲು ಬದಲು ಮಾಡಿ, ಅಷ್ಟು ಸಾಕು. ನಿಮ್ಮಿಂದ ಆಗಲ್ಲ ಅಂದ್ರೆ ಹೇಳಿ, ನಾನು ಮಾಡ್ತೀನಿ. ಆದ್ರೆ ನಾಳೆಯಿಂದ ಚಿತ್ರ ಬರೆಯೋದಕ್ಕೂ ಬೇರೆಯವರನ್ನ ನೋಡ್ಕೋತೀನಿ.”

ಆಗುವುದಿಲ್ಲ ಎಂದು ಹೇಳಬಹುದಿತ್ತು. ಅಷ್ಟೂ ಜನರ ಮುಂದೆ ಆ ಚಿತ್ರಕ್ಕೆ ಕರಿ ಬಣ್ಣ ಬಳಿಯಬಹುದಿತ್ತು, ಕೈಗೆಟುಕುವಲ್ಲೇ ಡಬ್ಬಿ ಇತ್ತು. ನಾನು ಯೋಚಿಸಿದ್ದು ಮತ್ತೆ ನೆಲಕ್ಕೆ ಹಾಸಿದ ಪರದೆಯ ಮೇಲೆ ನಿಂತು ಬರೆಯಬೇಕಲ್ಲ ಎಂದು, ನನ್ನ ಮಾತು ಯಾರೂ ಬರೆದುಕೊಳ್ಳುವುದಿಲ್ಲವಲ್ಲ ಎಂದು. ಎರಡು ಚೀಟಿಗಳನ್ನೂ ಕಿತ್ತೆ. ‘ಆಗಬೇಕಾದದ್ದು’ ಎಂಬುದನ್ನು ಗಾಜಿನ ಮನುಷ್ಯನ ಕೆಳಗೆ ನನ್ನ ಕೈಯಾರೆ ಅಂಟಿಸಿದೆ. ಅಧ್ಯಕ್ಷೆ ನನ್ನ ಕೈ ಕುಲುಕಿದರು.

ಮರುದಿನ ಮೂರೂ ಚಿತ್ರಗಳ ಪ್ರತಿ ಹಿಡಿದು ಅಣ್ಣನ ಕೋಣೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ, ಚೀಟಿಯ ವಿಷಯವನ್ನೂ. ಉಳಿದ ನಾಲ್ವರು ಅಂಟಿನ ಒಲೆಯ ಹತ್ತಿರ ನಿಂತು ಕೇಳಿಸಿಕೊಂಡರು. ಒಬ್ಬಾಕೆ ಒಲೆ ಆರಿಸಿದಳು.

“ಗಾಜಿನ ಒಳಗೆ ಬರೆಯೋಕೆ ಒಬ್ಬರು ಬೇಕಂತೆ,” ಎಂದೆ. “ಹತ್ತರಿಂದ ಐದು. ನಿನ್ನ ಹೆಸರು ಹೇಳಿದ್ದೀನಿ.”

“ಯಾವ ನಾಟಕಕ್ಕೆ?”

“ನಾಟಕ ಇಲ್ಲ. ಸುಮ್ನೆ ಬರೀತಿರಬೇಕು.”

“ಬರೆದು ಮುಗಿದ ಮೇಲೆ?”

“ಸುಣ್ಣ ಬಳಿದು ಮತ್ತೆ ಬರೆಯೋದು.”

ಅಣ್ಣ ಬೈಯುತ್ತಾನೆ ಎಂದು ಕಾದೆ. ಬೈಯಲಿ, ಕುಂಚ ಎತ್ತಿ ಮುಖಕ್ಕೆ ಎಸೆಯಲಿ ಎಂದು ಬೇಡಿಕೊಂಡೆ. ಅವನು ಮೊದಲ ಚಿತ್ರವನ್ನೂ ಮೂರನೆಯದನ್ನೂ ಎದುರು ಗೋಡೆಗೆ ಒರಗಿಸಿ, ಇಡೀ ಕೋಣೆ ದಾಟಿ ಈ ತುದಿಗೆ ಬಂದು ನಿಂತ. ಪರದೆಯನ್ನು ಅವನು ನೋಡುವುದೇ ಹಾಗೆ, ಕೊನೆಯ ಸಾಲಿನಿಂದ.

“ಬಿಸಿಲಿನ ಹಳದಿಗೆ ಮಸಿ ಸೇರಿಸಿದ್ದೀಯ.”

“ಹೂಂ. ಒಂದೇ ಚಿಟಿಕೆ.”

“ಮೊದಲನೇದರಲ್ಲಿ ನನ್ನ ಕೈಯಲ್ಲಿ ಕುಂಚ ಕೂತೇ ಇಲ್ಲ. ಕಲಿಯೋರ ಮುಖ ಎಲ್ಲಾ ಒಂದೇ ಥರ ಇದೆ.” ಅಣ್ಣ ಕೈ ಒರೆಸಿಕೊಂಡ. “ನಾನಾಗಿದ್ರೂ ಮೂರನೇದನ್ನೇ ಆರಿಸ್ತಿದ್ದೆ.”

ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ. ಅಣ್ಣ ನನ್ನ ಕೆಲಸವನ್ನು ಹೊಗಳಿದ್ದು ಅದೊಂದೇ ಸಲ.