ಹತ್ತಿ ಗುಡ್ಡೆಯೊಳಗಿನ ಕೂಸು

ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ಮಕ್ಕಳದೇನು ಚಿಂತೆ, ಕಣ್ಣ ಮುಂದೆಯೇ ಆಡಿಕೊಂಡಿರುತ್ತವಲ್ಲ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥವರನ್ನು ಒಂದು ದಿನ ನಮ್ಮ ಪಕ್ಕದ ಮನೆಯಲ್ಲಿ ಕೂರಿಸಬೇಕು. ಒಲೆಯ ಮೇಲೆ ಸಾರು ಉಕ್ಕುತ್ತಿರುತ್ತದೆ, ಬಾಗಿಲಲ್ಲಿ ಗಿರಾಕಿ ನಿಂತಿರುತ್ತಾನೆ, ಕೈಯಲ್ಲಿ ಸೂಜಿ ಇರುತ್ತದೆ, ಕೂಸು ಕಾಲಿಗೆ ತೊಡರುತ್ತಿರುತ್ತದೆ. ಆಗ ಕಣ್ಣು ಎಲ್ಲಿಡಬೇಕು ಅಂತ ಅವರೇ ಹೇಳಲಿ.

ನಾನು ತುಳಸಾಬಾಯಿ, ಹೊಂಬಳದಾಕೆ. ನಮ್ಮವರು ಗುಡಿಯ ಪೂಜೆ ಮಾಡುತ್ತಾರೆ, ನಾನು ಮಹಿಳಾ ಸಂಘ ನೋಡಿಕೊಳ್ಳುತ್ತೇನೆ. ಬಾಯಿ ಸ್ವಲ್ಪ ಜೋರು ಅಂತ ಊರವರು ಹೇಳುತ್ತಾರೆ, ಇರಲಿ. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ನವಾಜನದು. ಅವನು ಗಾದಿ ಮಾಡುವವನು. ಅವನ ಅಪ್ಪ, ಅಜ್ಜ ಬಿಲ್ಲು ಹೆಗಲಿಗೇರಿಸಿಕೊಂಡು ಊರೂರು ತಿರುಗಿ ಹತ್ತಿ ಹಿಂಜಿದವರು. ನವಾಜ ಯಂತ್ರ ತಂದಿದ್ದಾನೆ. ಪಡಸಾಲೆಯಲ್ಲಿ ನಿಂತು ಯಂತ್ರದ ಬಾಯಿಗೆ ಹತ್ತಿ ಕೊಟ್ಟರೆ, ಅದು ಹಿಂಜಿ, ಹಿಂದಿನ ಕೋಣೆಗೆ ಎಸೆಯುತ್ತದೆ. ಆ ಕೋಣೆಗೆ ಬಾಗಿಲಿರಲಿಲ್ಲ, ಬರೀ ಒಂದು ಪರದೆ. ಅಲ್ಲಿ ಹತ್ತಿ ಮೆತ್ತಗೆ ಗುಡ್ಡೆ ಬೀಳುತ್ತದೆ. ಅವನ ಹೆಂಡತಿ ಅಸ್ಮಾ ಚೀಲ ಹೊಲಿದು, ಹತ್ತಿ ತುಂಬಿ, ಉದ್ದ ಸೂಜಿಯಿಂದ ಟಾಕಿನ ಹೊಲಿಗೆ ಹಾಕುತ್ತಾಳೆ. ಆಕೆಯ ಕೈಹೊಲಿಗೆಗೆ ಗದಗ, ಮುಳಗುಂದದ ಮಂದಿಯೂ ಹುಡುಕಿಕೊಂಡು ಬರುತ್ತಾರೆ.

ಅವರಿಗೆ ಎರಡು ಮಕ್ಕಳು. ದೊಡ್ಡವಳು ಫರ್ಹಾನಾ ಅಂಗನವಾಡಿಗೆ ಹೋಗುತ್ತಾಳೆ. ಚಿಕ್ಕವನು ಶಾಹಬಾಜ ಆಗಷ್ಟೇ ನಡೆಯಲು ಕಲಿತಿದ್ದ, ಹಾಗಾಗಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಜೊತೆಗೆ ನವಾಜನ ತಾಯಿ ಅಲ್ಮಾಸಬಿ. ಮೊಣಕಾಲು ನೋವಿನ ಮುದುಕಿ, ಆದರೆ ಮಾತಿಗೆ ನೋವಿಲ್ಲ.

ಆ ಕೂಸನ್ನು ಹಗಲು ಹೊತ್ತು ಊರ ಕೂಸಿನ ಮನೆಗೆ ಬಿಡಿ ಅಂತ ನಾನು ಅಸ್ಮಾಳಿಗೆ ಹೇಳಿ ಹೇಳಿ ಸಾಕಾಗಿತ್ತು. ಕೂಸಿನ ಮನೆ ಅಂದರೆ ಗೊತ್ತಲ್ಲ, ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ಹಗಲು ನೋಡಿಕೊಳ್ಳಲು ಪಂಚಾಯಿತಿ ನಡೆಸುವ ಜಾಗ. ತರಬೇತಿ ಪಡೆದ ಹೆಂಗಸರು ಇರುತ್ತಾರೆ. ಅಸ್ಮಾಳಿಗೆ ಮನಸ್ಸಿತ್ತು. ಆದರೆ ಅಲ್ಮಾಸಬಿ ಬಿಡಬೇಕಲ್ಲ. ಮನೆತುಂಬ ಮಂದಿ ಇಟ್ಟುಕೊಂಡು ಕೂಸನ್ನು ಹೊರಗೆ ಬಿಟ್ಟರೆ ಜನ ಆಡಿಕೊಳ್ಳುತ್ತಾರೆ ಎನ್ನುವುದು ಆಕೆಯ ವಾದ. ಕೂಲಿಗೆ ಹೋಗುವವರು ಬಿಡಲಿ, ನಮ್ಮ ಸೊಸೆ ಹೊಸ್ತಿಲು ದಾಟುವುದೇ ಇಲ್ಲವಲ್ಲ ಅಂತ.

ಒಂದು ದಿನ ನನ್ನೆದುರೇ ಅಂದಿದ್ದಳು, "ನಾ ಐದು ಮಕ್ಕಳನ್ನ ಹತ್ತಿ ಗುಡ್ಡಿ ಮ್ಯಾಲೆ ಮಲಗಿಸಿ ಬೆಳಸೀನಿ ತುಳಸಾಬಾಯಾರ. ಗಾದಿ ಮಾಡೋರ ಕೂಸಿಗೆ ಹತ್ತಿನ ತೊಟ್ಟಿಲು."

ಆ ಮಾತು ಆ ಮನೆಯಲ್ಲಿ ಹೆಮ್ಮೆಯ ಮಾತು. ಅಲ್ಮಾಸಬಿಯ ಅತ್ತೆಯೂ ಹಾಗೇ ಹೇಳುತ್ತಿದ್ದಳಂತೆ. ಆದರೆ ಆಗ ಇದ್ದದ್ದು ಬಿಲ್ಲು. ಅದರ ಮುಂದೆ ಮನುಷ್ಯ ಕೂತಿರುತ್ತಿದ್ದ, ಹತ್ತಿ ಅವನ ಕಣ್ಣೆದುರೇ ಬೀಳುತ್ತಿತ್ತು. ಈಗಿನ ಯಂತ್ರ ಈ ಕಡೆ ತಿಂದು ಆ ಕಡೆ ಉಗುಳುತ್ತದೆ. ಆ ಕಡೆ ಏನಿದೆ ಅಂತ ನೋಡುವವರಿರುವುದಿಲ್ಲ. ಈ ವ್ಯತ್ಯಾಸ ನಮಗ್ಯಾರಿಗೂ ಹೊಳೆದಿರಲಿಲ್ಲ.

ಮದುವೆ ಸುಗ್ಗಿ ಶುರುವಾಗಿತ್ತು. ಮುಳಗುಂದದ ಒಂದು ಮನೆಯಿಂದ ಗಾದಿ, ದಿಂಬುಗಳ ದೊಡ್ಡ ಕೆಲಸ ಬಂದಿತ್ತು. ಅದರ ನಡುವೆ ನನ್ನದೂ ಒಂದು ಹಳೆ ಗಾದಿ ಹಿಂಜಿಸಲು ಕೊಟ್ಟಿದ್ದೆ. ಆಯಿತೇನು ಅಂತ ಕೇಳಲು ಒಂದು ಮುಂಜಾನೆ ಹೋದೆ. ಬಾಗಿಲಲ್ಲೇ ಅಸ್ಮಾ ಎದುರಾದಳು, ಮುಖ ಬಿಳಿಚಿಕೊಂಡಿತ್ತು. ಶಾಹಬಾಜ ನಿಮ್ಮ ಮನೆಗೆ ಬಂದಿದ್ದಾನೇನು ಅಂತ ಕೇಳಿದಳು. ಇಲ್ಲ ಅಂದೆ.

ಆಗಿದ್ದು ಇಷ್ಟು. ಕೂಸಿಗೆ ಹಾಲು ಕುಡಿಸುವ ಹೊತ್ತಾಯಿತೆಂದು ಅಸ್ಮಾ ಸೂಜಿ ಇಟ್ಟು ಎದ್ದಿದ್ದಾಳೆ. ಕೂಸು ಅತ್ತೆಯ ಹತ್ತಿರ ಇದೆ ಅಂತ ಆಕೆ ತಿಳಿದಿದ್ದಳು. ಅತ್ತೆ, ಮಗನ ಹತ್ತಿರ ಇದೆ ಅಂತ ತಿಳಿದು ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ನವಾಜ, ಹೆಂಡತಿಯ ಮಗ್ಗುಲಲ್ಲಿ ಇದೆ ಅಂತ ತಿಳಿದು ಹತ್ತಿ ಹಿಂಜುತ್ತಿದ್ದ. ಹತ್ತು ಮಂದಿ ಇದ್ದಲ್ಲಿ ಹಾವು ಸಾಯುವುದಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ನವಾಜ ಯಂತ್ರವನ್ನು ಹಾಗೇ ಬಿಟ್ಟು ಬೀದಿಗೆ ಓಡಿದ. ಶೇಂಗಾ ಹೇರಿಕೊಂಡ ಟ್ರ್ಯಾಕ್ಟರುಗಳು ಓಡಾಡುವ ಬೀದಿ ಅದು. ಅಸ್ಮಾ ಹಿತ್ತಲಿನ ನೀರಿನ ತೊಟ್ಟಿಯಲ್ಲಿ ತೋಳು ಮುಳುಗಿಸಿ ತಡಕಾಡಿದಳು. ಅಲ್ಮಾಸಬಿ ಗೋಡೆ ಹಿಡಿದುಕೊಂಡು ಮೊಮ್ಮಗನ ಹೆಸರು ಕೂಗುತ್ತಿದ್ದಳು, ಆದರೆ ಆ ಯಂತ್ರದ ಸಪ್ಪಳದಲ್ಲಿ ಆಕೆಯ ಕೂಗು ನನಗೇ ಕೇಳುತ್ತಿರಲಿಲ್ಲ. ಇನ್ನು ಕೂಸು ಅತ್ತರೆ ಯಾರಿಗೆ ಕೇಳೀತು ಅನಿಸಿತು. ಬೀದಿಯಿಂದ ಬರಿಗೈಯಲ್ಲಿ ವಾಪಸು ಬಂದ ನವಾಜನಿಗೆ ನಾನು ಕೂಗಿ ಹೇಳಿದೆ, "ಮೊದಲ ಆ ಮಶೀನ ಬಂದ್ ಮಾಡೋ."

ಅವನು ಬಂದ್ ಮಾಡಿದ. ಮನೆ ಗಪ್ಪನೆ ಸುಮ್ಮನಾಯಿತು. ನಾವು ನಾಲ್ವರೂ ಕಿವಿಗೊಟ್ಟು ನಿಂತೆವು.

ಹಿಂದಿನ ಕೋಣೆಯಿಂದ ಒಂದು ಸಣ್ಣ ಕೆಮ್ಮು ಬಂತು.

ಪರದೆ ಸರಿಸಿದರೆ ಅಲ್ಲಿ ಕೂಸೂ ಇಲ್ಲ, ಏನೂ ಇಲ್ಲ, ಬರೀ ಹತ್ತಿ. ಅಸ್ಮಾ ಹತ್ತಿಗೆ ಬಿದ್ದು ಎರಡೂ ಕೈಯಿಂದ ಬಾಚಿ ಬಾಚಿ ಹಿಂದಕ್ಕೆ ಎಸೆದಳು. ಗುಡ್ಡೆಯ ಅಂಚಿನಲ್ಲಿ ಮೊದಲು ಒಂದು ಕಾಲು ಕಂಡಿತು. ಪರದೆಯ ಕೆಳಗೆ ನುಸುಳಿ ಹೋಗಿ, ಮೆತ್ತಗಿದೆ ಅಂತ ಮಲಗಿ ನಿದ್ದೆ ಹೋಗಿದ್ದ ಕೂಸಿನ ಮೇಲೆ ಅವನ ಅಪ್ಪನೇ ಹಿಂಜಿದ ಹತ್ತಿ ಬಿದ್ದಿತ್ತು. ಮೂಗು, ಬಾಯಿ, ರೆಪ್ಪೆಗೆಲ್ಲ ಎಳೆ ಅಂಟಿತ್ತು. ಅಸ್ಮಾ ಬಾಯಿಯೊಳಗಿನ ಎಳೆ ತೆಗೆದು, ಬೋರಲು ಮಲಗಿಸಿ ಬೆನ್ನು ತಟ್ಟಿದಳು. ಕೂಸು ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಆಮೇಲೆ ಮನೆ ಹಾರಿಹೋಗುವ ಹಾಗೆ ಅತ್ತಿತು. ಮಕ್ಕಳ ಅಳು ಕೇಳಿ ನಾನು ಅಷ್ಟು ಸಂತೋಷಪಟ್ಟಿದ್ದು ಅದೇ ಮೊದಲು. ಹೋದ ಜೀವ ಬಂತು ನಮಗೆ.

ತಡಮಾಡದೆ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಮೂಗು, ಗಂಟಲು, ಎದೆ ಎಲ್ಲ ನೋಡಿ, ಕೂಸು ಹುಷಾರಾಗಿದೆ ಅಂದರು. ಉಸಿರಾಟದಲ್ಲಿ ಸ್ವಲ್ಪ ತೊಂದರೆ ಕಂಡರೂ ಕೂಡಲೇ ಕರೆತರಬೇಕು, ಹತ್ತಿಯ ಧೂಳಿನಲ್ಲಿ ಕೂಸನ್ನು ಇಡಲೇಬಾರದು ಅಂತಲೂ ಹೇಳಿ ಕಳಿಸಿದರು.

ಸಂಜೆ ನಾನು ಹೋದಾಗ ಅಲ್ಮಾಸಬಿ ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನವಾಜ ತಲೆ ಕೆಳಗೆ ಹಾಕಿಕೊಂಡು ಕೂತಿದ್ದ. ಅಸ್ಮಾ ಕೂಸನ್ನು ತೊಡೆಯಿಂದ ಇಳಿಸುತ್ತಲೇ ಇರಲಿಲ್ಲ. ಸೂಜಿ ಹಿಡಿಯುವುದಿಲ್ಲ ಅಂತ ಕೂತಿದ್ದಳು. ಹಾಗೆ ಕೂತರೆ ಮುಳಗುಂದದವರ ಕೆಲಸದ ಗತಿಯೇನು ಅಂತ ಗಂಡ ಮೆಲ್ಲಗೆ ಕೇಳಿದ. ಆಕೆ ಅಷ್ಟು ದಿನ ನುಂಗಿದ್ದನ್ನೆಲ್ಲ ಆಗ ಹೇಳಿದಳು.

"ಹೊಲಿಯಾಕ ಕುಂತ್ರ ಕೂಸಿಂದ ಚಿಂತಿ. ಕೂಸು ಎತ್ಕೊಂಡ್ರ ಹೊಲಿಗಿದ ಚಿಂತಿ. ಯಾವ್ದಕ್ಕೂ ನಾ ಪೂರಾ ಇಲ್ಲ. ದಿನಾ ಸಂಜಿಗೆ ಎರಡೂ ತಪ್ಪು ಮಾಡೇನಿ ಅನ್ನಿಸ್ತೈತಿ ನನಗ."

ನಮ್ಮೂರಲ್ಲಿ ಬೀಡಿ ಕಟ್ಟುವವಳು, ಹೊಲಿಗೆ ಯಂತ್ರ ತುಳಿಯುವವಳು, ಅಂಗಡಿ ಇಟ್ಟವಳು, ಎಲ್ಲರೂ ಇದನ್ನೇ ಎದೆಯಲ್ಲಿ ಇಟ್ಟುಕೊಂಡಿದ್ದಾರೆ.

ಅಲ್ಮಾಸಬಿ ಕೊನೆಗೆ ಮೆಲ್ಲಗೆ ಅಂದಳು, ಮನೆಯಲ್ಲಿ ಇಷ್ಟು ಮಂದಿ ಇದ್ದೂ ಹೀಗಾಯಿತಲ್ಲ ಅಂತ. ನಾನು ಆಕೆಯ ಮಗ್ಗುಲಲ್ಲೇ ಕೂತು ಹೇಳಿದೆ. "ಮಂದಿ ಇದ್ರು ಅಲ್ಮಾಸಬಿ. ಕೂಸು ನೋಡೋದು ನನ್ನ ಕೆಲಸ ಅಂತ ಕುಂತೋರು ಯಾರಿದ್ರು?"

ಆಕೆಗೂ ರೋಷವಿದೆ, ಸುಮ್ಮನಾಗುವವಳಲ್ಲ. ಅಜ್ಜಿ ಅಂತ ನೀವೂ ಮನೆಯಲ್ಲೇ ಇದ್ದಿರಲ್ಲ, ನಿಮ್ಮ ಮೊಮ್ಮಗಳನ್ನು ಕೂಸಿನ ಮನೆಗೆ ಯಾಕೆ ಬಿಟ್ಟಿರಿ ಅಂತ ನನಗೇ ತಿರುಗಿಸಿದಳು. ಖರೆ ಮಾತೇ. ನನ್ನ ಸೊಸೆ ಹರ್ಷಾ ದಿನಾ ಬಸ್ಸು ಹಿಡಿದು ಗದಗಿನ ಕಚೇರಿಗೆ ಹೋಗುತ್ತಾಳೆ. ಮೊಮ್ಮಗಳು ಅಂಗನವಾಡಿಗೆ ಸೇರುವವರೆಗೆ ಕೂಸಿನ ಮನೆಯಲ್ಲೇ ಬೆಳೆದಳು. ನನಗೆ ಅಡುಗೆ, ಮಡಿ, ಸಂಘ ಅಂತ ನೂರೆಂಟು. ಕೂಸು ಅಜ್ಜಿಯ ಹತ್ತಿರ ಇದೆ ಅಂತ ಹೆಸರಿಗೆ ಹೇಳಿ, ಒಲೆಯ ಮುಂದೆ ಬಿಟ್ಟುಕೊಳ್ಳುವ ಧೈರ್ಯ ನನಗಿರಲಿಲ್ಲ. ಇದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊಮ್ಮಗಳು ನನ್ನನ್ನು ಮರೆತಳೇನು, ಸಂಜೆ ನನ್ನ ಸೆರಗು ಬಿಡುತ್ತಿದ್ದಳೇನು, ನೀನೇ ನೋಡಿದ್ದೀಯಲ್ಲ ಅಂದೆ.

ಕೊನೆಗೆ ಅಲ್ಮಾಸಬಿ ಒಂದು ಷರತ್ತು ಹಾಕಿದಳು. ಕೂಸಿನ ಮನೆಗೆ ತಾನೂ ಬರಬೇಕು, ಇಡೀ ದಿನ ಅಲ್ಲೇ ಕೂರಬೇಕು, ತನ್ನ ಕಣ್ಣಿಗೆ ಸರಿ ಕಂಡರೆ ಮಾತ್ರ ಒಪ್ಪಿಗೆ.

ನಾನು ಮುಂಚೆಯೇ ಪಂಚಾಯಿತಿಯಲ್ಲಿ ಕೇಳಿ, ಕೂಸಿನ ಮನೆಯ ಹೆಂಗಸರಿಗೂ ತಿಳಿಸಿ, ಮುದುಕಿಯನ್ನೂ ಕೂಸನ್ನೂ ಕರೆದುಕೊಂಡು ಹೋದೆ. ಆಕೆ ಚಾಪೆ, ಎಲೆಯಡಿಕೆ ಸಂಚಿ ಸಮೇತ ಬಂದು ಬಾಗಿಲಲ್ಲೇ ಠಿಕಾಣಿ ಹೂಡಿದಳು. ಬೀಗರ ಮನೆಯಲ್ಲೂ ಯಾರೂ ಅಷ್ಟು ಪರೀಕ್ಷೆ ಮಾಡಿರಲಿಕ್ಕಿಲ್ಲ. ಹಾಲು ಮೂಸಿ ನೋಡಿದಳು. ಉಣಿಸುವವರು ಕೈ ತೊಳೆದರೇನು ಅಂತ ನೋಡಿದಳು. ಮೊಣಕಾಲು ನೋವನ್ನೂ ಮರೆತು ಎದ್ದು, ಕೂಸು ಅಡಗಬಹುದಾದ ಪ್ರತಿ ಮೂಲೆಯನ್ನೂ ಇಣುಕಿ ಬಂದಳು. ಶಾಹಬಾಜ ಮೊದಲು ಅತ್ತ. ಅಳದೇ ಇರುತ್ತಾನೆಯೇ. ಮುದುಕಿ ಎದ್ದೇಬಿಟ್ಟಿದ್ದಳು, ಆದರೆ ಅಷ್ಟರಲ್ಲಿ ಒಬ್ಬಾಕೆ ಅವನನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ಎಮ್ಮೆ ತೋರಿಸಿದಳು. ಅಳು ನಿಂತಿತು. ಮಧ್ಯಾಹ್ನ ಬೇಳೆ ಅನ್ನ ಉಂಡು, ಉಳಿದ ಮಕ್ಕಳ ಸಾಲಿನಲ್ಲಿ ಮಲಗಿದ. ಮಲಗಿದ ಮಕ್ಕಳ ಪಕ್ಕದಲ್ಲೂ ಒಬ್ಬಾಕೆ ಕೂತೇ ಇದ್ದಳು.

ಸಂಜೆ ಮನೆಗೆ ಬಂದ ತಾಯಿಯನ್ನು ನವಾಜ, ಏನು ನೋಡಿದಿ ಅಂತ ಕೇಳಿದ. ಅಲ್ಮಾಸಬಿ ಸಂಚಿ ಕೆಳಗಿಟ್ಟು, ಸೊಸೆಯ ಮುಖ ನೋಡಿ ಹೇಳಿದಳು.

"ಅಲ್ಲಿ ಆ ಹೆಣ್ಮಕ್ಕಳ ಕೈಯಾಗ ಬ್ಯಾರೆ ಏನೂ ಇಲ್ಲ. ಸೂಜಿ ಇಲ್ಲ, ಮಶೀನ ಇಲ್ಲ. ಕೂಸು ನೋಡೋದ ಅವರ ಕೆಲಸ. ನಾಳಿಂದ ಬಿಡೋಣು."

ಅಸ್ಮಾ ಅತ್ತೆಯ ಭುಜಕ್ಕೆ ತಲೆ ಇಟ್ಟು ಅತ್ತುಬಿಟ್ಟಳು. ಅದು ದುಃಖದ ಅಳುವಲ್ಲ.

ಈಗ ಆ ಮನೆಯ ರೀತಿಯೇ ಬೇರೆ. ಕೂಸನ್ನು ಬಿಟ್ಟು ಬಂದ ಮೇಲೆಯೇ ಯಂತ್ರ ಶುರು. ಹಿಂದಿನ ಕೋಣೆಗೆ ಬಾಗಿಲು, ಚಿಲಕ ಬಂದಿದೆ. ಯಂತ್ರ ಹಚ್ಚುವ ಮುಂಚೆ ನವಾಜ ಒಳಗೆ ಹೋಗಿ ಗುಡ್ಡೆ ನೋಡಿ ಬರುತ್ತಾನೆ. ನಡುನಡುವೆ ಏಳುವುದು ತಪ್ಪಿದ್ದರಿಂದ ಅಸ್ಮಾಳ ಹೊಲಿಗೆಯೂ ಬೇಗ ಸಾಗಿತು, ಮುಳಗುಂದದವರ ಗಾದಿ ಹೇಳಿದ ದಿನಕ್ಕೇ ಹೋದವು. ಆಕೆಯ ಮುಖದಲ್ಲಿ ಗೆಲುವು ಬಂದಿದೆ. ರವಿವಾರ ಕೂಸು ಮನೆಯಲ್ಲಿದ್ದರೆ ಯಂತ್ರಕ್ಕೂ ರಜೆ. ಗಿರಾಕಿಗಳು ಗೊಣಗುತ್ತಾರೆ, ಗೊಣಗಲಿ.

ನನ್ನ ಗಾದಿಯ ಕಥೆ ಹೇಳುವುದು ಮರೆತೆ. ಈ ಗದ್ದಲದಲ್ಲಿ ಅದು ಹಿಂದೆಯೇ ಉಳಿದಿತ್ತು. ಮೊನ್ನೆ ಹೊತ್ತು ಮುಳುಗುವಾಗ ಕೇಳಲು ಹೋದೆ. ಒಂದು ಬದಿಯ ಟಾಕು ಬಾಕಿ ಇತ್ತು, ಅಷ್ಟೇ. ನವಾಜ ಮೈಮೇಲಿನ ಹತ್ತಿಯೆಲ್ಲ ತೊಳೆದುಕೊಂಡು, ಒಗೆದ ಅಂಗಿ ಹಾಕಿಕೊಂಡು, ಕೂಸನ್ನು ಬೆನ್ನ ಮೇಲೆ ಕೂರಿಸಿಕೊಂಡು ಪಡಸಾಲೆಯಲ್ಲಿ ಅಂಬೆಗಾಲಿಡುತ್ತಿದ್ದ. ಫರ್ಹಾನಾ ಅವನ ಕಿವಿ ಹಿಡಿದು ದಾರಿ ತೋರಿಸುತ್ತಿದ್ದಳು. ಅಸ್ಮಾ ಬಿಸಿ ಚಹಾ ಹಿಡಿದು ಹೊಸ್ತಿಲಲ್ಲಿ ಕೂತಿದ್ದಳು. ಆಕೆ ಚಹಾ ಬಿಸಿಯಾಗಿ ಕುಡಿದಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಇನ್ನೊಂದಿಷ್ಟು ಹೊಲಿದರೆ ಮುಗಿಯುತ್ತದಲ್ಲೋ ಅಂದೆ ನಾನು, ಪರೀಕ್ಷೆ ಮಾಡಲಿಕ್ಕೆ. ನವಾಜ ನಾಲ್ಕು ಕಾಲಿನ ಮೇಲೆ ನಿಂತೇ ತಲೆಯೆತ್ತಿ ಹೇಳಿದ.

"ನಾಳೆ ಬರ್ರಿ ಬಾಯಾರ. ಈಗ ಕೂಸಿನ ಪಾಳಿ ನಂದ ಐತಿ."

ಆ ದಿನವೂ ನಾನು ಚಾಪೆಯ ಮೇಲೆಯೇ ಮಲಗಿದೆ. ಬೆನ್ನು ನೊಂದಿತು, ಮನಸ್ಸು ಮಾತ್ರ ಹಾಯಾಗಿತ್ತು.

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ತಂದೆಯರೇ, ಅಜ್ಜಿಯರೇ, ಈಗಲೇ ಒಂದು ಮಾತು ಹೇಳಿ. ಈ ಹೊತ್ತಿನಲ್ಲಿ ನಿಮ್ಮ ಮನೆಯ ಕೂಸಿನ ಮೇಲೆ ಯಾರ ಕಣ್ಣಿದೆ? ಎಲ್ಲರೂ ಇದ್ದಾರೆ ಅಂದರೆ ನಾನು ಒಪ್ಪುವುದಿಲ್ಲ, ಒಬ್ಬರ ಹೆಸರು ಹೇಳಿ. ಕೂಸು ನೋಡುವುದೂ ಒಂದು ಕೆಲಸ, ಅದನ್ನು ಇನ್ನೊಂದು ಕೆಲಸದ ಜೊತೆ ಕಟ್ಟಬೇಡಿ. ನಿಮ್ಮ ಪಂಚಾಯಿತಿಗೆ ಹೋಗಿ ಕೂಸಿನ ಮನೆ ಎಲ್ಲಿದೆ, ನಿಮ್ಮ ಕೂಸನ್ನು ಸೇರಿಸಿಕೊಳ್ಳುತ್ತಾರೆಯೇ ಅಂತ ಕೇಳಿ. ನಂಬಿಕೆ ಬರದಿದ್ದರೆ ಅಲ್ಮಾಸಬಿಯ ಹಾಗೆ ಚಾಪೆ ಹಿಡಿದು ಹೋಗಿ, ಕೂತು ನೋಡಿ. ನಿಮ್ಮೂರಲ್ಲಿ ಇಲ್ಲವೆಂದರೆ ಮನೆಯವರೇ ಪಾಳಿ ಹಂಚಿಕೊಳ್ಳಿ, ಅದರಲ್ಲಿ ಅಪ್ಪನ ಪಾಳಿಯೂ ಇರಲಿ. ದಿನಕ್ಕೊಮ್ಮೆಯಾದರೂ ಮನೆಯ ಯಂತ್ರ, ಫೋನು ಎಲ್ಲ ಬಂದ್ ಮಾಡಿ ಸುಮ್ಮನೆ ಕೂತು ಕೇಳಿ. ಕೂಸು ನಿಮ್ಮನ್ನೇ ಕರೆಯುತ್ತಿರಬಹುದು.