ಕಲ್ಲು ಬಳಸಿದ ಕೇಬಲ್

ತನುಜಾ ಮಂಡಿಯೂರಿ, ಮಣ್ಣು ಸರಿಸಿ, ಕಪ್ಪು ಕೇಬಲ್ಲಿನ ಮೇಲೆ ಬೆರಳಾಡಿಸುತ್ತ ಮುಂದೆ ಸರಿಯುತ್ತಿದ್ದಳು. ಕೊನೆಯ ಪೆಟ್ಟಿಗೆಯಿಂದ ಹೊರಟ ಅದು ನೇರ ಯಂತ್ರಗಳ ಕೋಣೆಗೆ ಹೋಗದೆ ಊರದೇವತೆ ಮುತ್ಯಾಲಮ್ಮನ ಕಲ್ಲನ್ನು ದೂರದಿಂದ ಬಳಸಿಕೊಂಡು ಹೋಗಿತ್ತು.

ಕಲ್ಯಾಣದುರ್ಗದ ಹೊರಗಿನ ಈ ಬಯಲಿನಲ್ಲಿ ಸಾಲಾಗಿಟ್ಟ ಪೆಟ್ಟಿಗೆಗಳು ಆಕಾಶದಿಂದ ಸುರಿಯುವ ಕಣಗಳನ್ನು ಹಿಡಿಯುತ್ತಿದ್ದವು. ಯಾವ ಪೆಟ್ಟಿಗೆಗೆ ಮೊದಲು ಬಡಿಯಿತು, ಯಾವುದಕ್ಕೆ ಆಮೇಲೆ ಎಂಬುದರಿಂದ ಅವು ಬಂದ ದಿಕ್ಕು ತಿಳಿಯಬೇಕು. ಕೇಬಲ್ ಉದ್ದವಾದರೆ ಸುದ್ದಿ ತಡವಾಗಿ ಮುಟ್ಟುತ್ತದೆ, ದಿಕ್ಕೇ ವಾಲುತ್ತದೆ. ಉತ್ತರದ ಆಕಾಶದ ಅಂಚಿನಲ್ಲಿ ಕಣಗಳ ಮೂಲವೊಂದು ಸಿಕ್ಕಂತಿದೆ ಎಂದು ಅವಳ ಸಂಶೋಧನೆಯ ಗೈಡ್ ಲಕ್ಷ್ಮೀಕಾಂತ್ ಲೇಖನ ಕಳಿಸಿಯಾಗಿತ್ತು. ಅದರಲ್ಲಿ ಮಗಳ ಹೆಸರೂ ಇದೆಯೆಂದು ಹಿಂದೂಪುರದಲ್ಲಿ ಅವಳ ಅಪ್ಪ ಮಗ್ಗದ ಮನೆಗಳಿಗೆಲ್ಲ ಮೈಸೂರುಪಾಕು ಹಂಚಿದ್ದರು.

ಕೇಬಲ್ಲಿಗೆ ಕಾಲುವೆ ತೋಡುವ ದಿನ, ತೆಂಗಿನಕಾಯಿ ಒಡೆದು ಕಲ್ಲನ್ನು ಪಕ್ಕಕ್ಕಿಟ್ಟರಾಯಿತು ಎಂದು ಕಾವಲಿಗಿದ್ದ ಊರಿನ ಕದಿರಮ್ಮನೇ ಹೇಳಿದ್ದಳು. ಹೆದರಿ, ಕಲ್ಲನ್ನು ಬಳಸಿ ತೋಡಿಸಿದ್ದು ತನುಜಾ. ಆ ತಿಂಗಳು ತಂಗಿಯ ಹೆರಿಗೆಯಿತ್ತು.

"ಮ್ಯಾಲಿಂದ ಬರೋದ್ನ ಹುಡುಕೋಳು, ಕೆಳಗಿರೋ ಕಲ್ಲಿಗೆ ಹೆದ್ರುತೀಯಲ್ಲ ಮೇಡಮ್ಮ," ಎಂದು ಕದಿರಮ್ಮ ನಕ್ಕಿದ್ದಳು.

ಲ್ಯಾಬಿನವರೂ ಹೀಗೇ ನಕ್ಕಾರೆಂದು ತನುಜಾ ಲೆಕ್ಕಕ್ಕೆ ಕೊಟ್ಟ ನಕ್ಷೆಯಲ್ಲಿ ಕೇಬಲ್ಲಿನ ಗೆರೆಯನ್ನು ನೇರವಾಗಿಯೇ ಬಿಟ್ಟಿದ್ದಳು.

ಈಗ ಫೋನಿನಲ್ಲಿ ಕೇಬಲ್ಲಿನ ವಿಷಯ ಕೇಳಿ ಲಕ್ಷ್ಮೀಕಾಂತ್ ಲೇಖನ ಹಿಂದಕ್ಕೆ ಪಡೆಯಬೇಕು ಎಂದರು. ಆಮೇಲೆ, "ಯಾರು ಬಳಸಿ ಹಾಕಿಸಿದ್ದು?"

ಕದಿರಮ್ಮ ಎರಡು ಮಾರು ದೂರದಲ್ಲಿ ಕೂತು ಹುಣಸೆಬೀಜ ಬಿಡಿಸುತ್ತಿದ್ದಳು.

"ಊರಿನೋರು ಅಗೆಯೋಕೆ ಬಿಡ್ಲಿಲ್ಲ ಸರ್. ದೇವರ ಕಲ್ಲು ಅಂತ."

ಕದಿರಮ್ಮನ ಕೈ ನಿಂತಿತು.

ಬೇರೆ ಕೇಬಲ್ಲುಗಳನ್ನೂ ಹೀಗೇ ತಿರುಗಿಸಿದ್ದಾರೋ ಏನೋ, ಊರಿನವರು ಅಲ್ಲಿದ್ದರೆ ಫೋನು ಕೊಡು ಎಂದರು ಅವರು. ಯಾರೂ ಇಲ್ಲ ಎನ್ನಲು ತನುಜಾ ಬಾಯಿ ತೆರೆಯುವಷ್ಟರಲ್ಲಿ ಕದಿರಮ್ಮ ಎದ್ದು ಬಂದು ಕೈ ಚಾಚಿದಳು.

"ಔದು ಸಾರು, ನಾವೇ ಬ್ಯಾಡ ಅಂದಿದ್ದು. ಈಯಮ್ಮ ಎಷ್ಟೋ ಹೇಳಿದ್ಲು, ನಾವು ಕೇಳ್ಲಿಲ್ಲ. ಅದೊಂದೇ ಸಾರು, ಮಿಕ್ಕಿದ್ದೆಲ್ಲಾ ನೆಟ್ಟಗೇ ಹೋಗವೆ."

ಆ ಕಡೆಯಿಂದ ಮಾತು ಬಹಳ ಹೊತ್ತು ನಡೆಯಿತು. ಕದಿರಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತೇ ಕೇಳಿಸಿಕೊಂಡಳು.

"ತಪ್ಪಾಯ್ತು ಸಾರು," ಎಂದಳು ಕೊನೆಗೆ.

ಕೆನ್ನೆಯ ಬೆವರು ಹತ್ತಿದ ಫೋನನ್ನು ಸೆರಗಿನಿಂದ ಒರೆಸಿದಳು. ಗಾಜು ಹೊಳೆಯುವವರೆಗೆ ಇನ್ನೊಮ್ಮೆ ಒರೆಸಿದಳು.

"ತಗಳಮ್ಮ."

ತನುಜಾಳ ಕೈ ಮೇಲೇಳಲಿಲ್ಲ. ಕದಿರಮ್ಮನ ಅಂಗೈಯಲ್ಲಿ ಪರದೆಯ ಬೆಳಕು ಮಂಕಾಗಿ, ಆರಿತು.